ಗಿರಿಜನರ ದಿನವೆಂದರೆ ಸೊಪ್ಪಿನ ವೇಷವಲ್ಲ

ಆಗಸ್ಟ್ 9 ವಿಶ್ವ ಆದಿವಾಸಿಗಳ ದಿನ. ಸಂಯುಕ್ತ ರಾಷ್ಟ್ರಸಂಸ್ಥೆ 1994ರಲ್ಲಿ ಗೊತ್ತುಪಡಿಸಿದ್ದು. ನವೆಂಬರ್ 15 ಬಿರ್ಸಾ ಮುಂಡಾ ಅವರ ಜನ್ಮದಿನ. 2021ರಿಂದ ಭಾರತ ಸರ್ಕಾರ ಅದನ್ನು ಜನಜಾತೀಯ ಗೌರವ ದಿನವೆಂದು ಆಚರಿಸುತ್ತಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಶಾಲೆಗಳು ಈ ದಿನಗಳನ್ನು ಧಾರಾಳವಾಗಿ ಆಚರಿಸಲಿ. ಆದರೆ ಮಗುವಿನ ಸೊಂಟಕ್ಕೆ ಸೊಪ್ಪು, ತಲೆಗೆ ಗರಿ ಕಟ್ಟಿ, ಕುಣಿಸಿ, ಫೋಟೋ ತೆಗೆಸಿ ಮುಗಿಸುವುದಾದರೆ ಅದು ಗೌರವವಲ್ಲ, ಗೇಲಿ.

ಹಾಗಾದರೆ ಕಲಿಸಬೇಕಾದ್ದೇನು?

ಕೊರಗರ ಡೋಲನ್ನು ವೇದಿಕೆಗೆ ತರುವ ಉಪಾಧ್ಯಾಯರು 'ಅಜಲು' ಎಂಬ ಮಾತನ್ನೂ ಕಪ್ಪುಹಲಗೆಯ ಮೇಲೆ ಬರೆಯಲಿ. ದುಡಿಸಿಕೊಂಡು ಕೂಲಿ ಕೊಡದಿರುವುದು, ಕೂದಲು ಉಗುರು ಬೆರೆಸಿದ ಅನ್ನ ಉಣಿಸುವುದು, ಕಂಬಳಕ್ಕೆ ಮುಂಚೆ ಕೋಣಗಳಂತೆ ಓಡಿಸುವುದು: ಇವೇ ಅಜಲು. ಇದನ್ನು ನಿಷೇಧಿಸುವ ಪ್ರತ್ಯೇಕ ಕಾಯಿದೆಗಾಗಿ ಕರ್ನಾಟಕದ ಕೊರಗರು 2000ನೆಯ ಇಸವಿಯವರೆಗೆ ಕಾಯಬೇಕಾಯಿತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಒಣಗಿದ ತರಗಿಗೆ ಸಣ್ಣ ಬೆಂಕಿಯಿಟ್ಟು ನೆಲ ಹಸನು ಮಾಡುತ್ತಿದ್ದರು. ಅದೇ ತರಗುಬೆಂಕಿ. ಸರ್ಕಾರ ಅದನ್ನು ಅಪರಾಧವೆಂದಿತು. ಬೆಂಕಿ ನಿಂತ ಮೇಲೆಯೇ ಲಾಂಟಾನ ಕಾಡನ್ನು ಮುತ್ತಿತೆಂದು ಸೋಲಿಗರು ಹೇಳುತ್ತಾರೆ. ವಿಜ್ಞಾನದ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? 2006ರ ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದು ಅವರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯದ ಹಕ್ಕುಪತ್ರ ಪಡೆದರು. ದೇಶದಲ್ಲೇ ಇದು ಮೊದಲು. ಇದು ಪೌರನೀತಿಯ ಪಾಠ.

ಕೆಂಗೇರಿಯನ್ನು ದಾಟುವ ಮೈಸೂರು ರಸ್ತೆ ಇರುಳಿಗರ ರಾಮನಗರವನ್ನು ಹಾಯ್ದು ಹೋಗುತ್ತದೆ; ಮೈಸೂರಿನಾಚೆ ಮುಂದುವರಿದರೆ ನಾಗರಹೊಳೆ. ಪ್ರವಾಸಕ್ಕೆ ಹೋದ ಮಕ್ಕಳು ಅಲ್ಲಿ ಆನೆಗಳನ್ನು ಎಣಿಸುತ್ತಾರೆ. ಎಬ್ಬಿಸಿದ ಹಾಡಿಗಳೆಷ್ಟೆಂದು ಅವರಿಂದ ಕೇಳಿಸುವವರು ಯಾರು? 2025ರ ಮೇ ತಿಂಗಳಲ್ಲಿ ಜೇನು ಕುರುಬರ ಕುಟುಂಬಗಳು ತಮ್ಮ ಹಿರಿಯರ ನೆಲವೆಂದು ಅದೇ ಕಾಡಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಹಿಂತಿರುಗಿದ್ದು ಚರಿತ್ರೆಯಲ್ಲವೆ?

ಎಳೆಯ ಮಕ್ಕಳಿಗೆ ಈ ಕಹಿಯೆಲ್ಲ ಏಕೆಂದು ಕೆಲವರು ಕೇಳಿಯಾರು. ಕೊರಗರ ಮಕ್ಕಳು ಈ ಕಹಿಯನ್ನು ಎಳೆತನದಲ್ಲೇ ಉಂಡವರು. ಉಂಡವರ ವಯಸ್ಸನ್ನು ಯಾರೂ ಕೇಳಲಿಲ್ಲ. ಕೇಳಿ ತಿಳಿಯುವವರಿಗೆ ಮಾತ್ರ ವಯಸ್ಸು ಸಾಲದೆ?

ಶಾಲೆಗಳು ಮಾಡಬೇಕಾದ್ದು ಇಷ್ಟೆ. ಗಿರಿಜನ ಹಿರಿಯರನ್ನು ಕರೆಸಲಿ. ಪ್ರೊಫೆಸರರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಲಿ. ಬಸ್ಸಿನ ಖರ್ಚನ್ನು ಬೇರೆ ಕೊಡಲಿ. ಅವರನ್ನು ಕುಣಿಸುವುದು ಬೇಡ, ಮಾತನಾಡಲು ಕೇಳಿಕೊಳ್ಳಲಿ. ಆ ದಿನ ಮಕ್ಕಳು ಹಾಗೂ ಉಪಾಧ್ಯಾಯರು ಒಂದೇ ಬೆಂಚಿನಲ್ಲಿ ಕುಳಿತು ಕೇಳಲಿ.