ಶರೀರ ವಿಚಾರ: ಪಾದದೊಳಗಿನ ಗವಿ

ಕಾಲು ಉಳುಕಿದುದು ವಾಸಿಯಾಯಿತೆಂದು ಮನೆಯವರೆಲ್ಲರೂ ಮರೆತ ಮೇಲೆಯೂ ಕೆಲವರು ಮೆಟ್ಟಿಲಿಳಿಯಲು ಹಿಂಜರಿಯುತ್ತಾರೆ. ಬಾವು ಇಳಿದಿರುತ್ತದೆ, ಎಕ್ಸ್‌ರೇ ಚಿತ್ರದಲ್ಲಿ ಎಲುಬು ಮುರಿದಿರುವುದಿಲ್ಲ, ಆದರೂ ಹರಡಿನ ಹೊರಮಗ್ಗುಲ ನೋವು ಹೋಗದು, ಉಬ್ಬುತಗ್ಗಿನ ನೆಲದಲ್ಲಿ ಹೆಜ್ಜೆಗೆ ನೆಚ್ಚಿಕೆಯಿರದು. ಇಂಥವರನ್ನು ಅಂಜುಬುರುಕರೆಂದು ಹಳಿಯುವ ಹಿರಿಯರುಂಟು. ಅದು ಅನ್ಯಾಯ. ದೋಷವಿರುವ ಸ್ಥಳವು ಕಣ್ಣಿಗೆ ಮರೆಯಾಗಿದೆ, ಅಷ್ಟೆ.

ವಾಚಕರು ತಮ್ಮ ಕಾಲಿನಲ್ಲಿಯೇ ಅದನ್ನು ಹುಡುಕಬಹುದು. ಹರಡಿನ ಹೊರಗಡೆ ಉಬ್ಬಿರುವ ಎಲುಬಿನ ತುದಿಯಿಂದ ಬೆರಳನ್ನು ತುಸು ಮುಂದಕ್ಕೂ ಕೆಳಕ್ಕೂ ಸರಿಸಿದರೆ ಮೆತ್ತನೆಯ ತಗ್ಗೊಂದು ಸಿಕ್ಕುವುದು. ಅದರೊಳಗೆ, ಹಿಮ್ಮಡಿಯ ಎಲುಬಿಗೂ ಅದರ ಮೇಲೆ ಕುಳಿತಿರುವ ಗುಲ್ಫಾಸ್ಥಿಗೂ ನಡುವೆ, ಒಂದು ಗವಿಯಿದೆ. ಎರಡು ಎಲುಬುಗಳಲ್ಲಿಯೂ ಇರುವ ತೋಡುಗಳು ಎದುರುಬದುರಾಗಿ ಕೂಡಿ ಓರೆಯಾದ ಸುರಂಗವಾಗುತ್ತವೆ; ಒಳಮಗ್ಗುಲಲ್ಲಿ ಇಕ್ಕಟ್ಟು, ಹೊರಮಗ್ಗುಲಿಗೆ ಬಂದಂತೆ ಆಲಿಕೆಯ ಬಾಯಂತೆ ಅಗಲ. ಈ ಅಗಲವಾದ ಭಾಗವೇ ಪಾಶ್ಚಾತ್ಯ ವೈದ್ಯರ ಸೈನಸ್ ಟಾರ್ಸಿ. ಸೈನಸ್ ಎಂಬ ಲ್ಯಾಟಿನ್ ಶಬ್ದಕ್ಕೆ ಉಡುಪಿನ ಮಡಿಕೆ, ಮಡಿಲು, ಕಡಲಿನ ಕೊಲ್ಲಿ ಎಂಬ ಅರ್ಥಗಳುಂಟು. ಮೂಗಿನ ಸೈನಸ್ಸನ್ನು ಮಾತ್ರ ಬಲ್ಲ ನಮಗೆ ಕಾಲಿನಲ್ಲಿಯೂ ಒಂದಿದೆಯೆಂದರೆ ನಗು ಬಂದೀತು.

ಗವಿಯೆಂದ ಮಾತ್ರಕ್ಕೆ ಅದು ಬರಿದಲ್ಲ. ಕೊಬ್ಬಿನ ಮೆತ್ತೆ, ಎರಡೂ ಎಲುಬುಗಳನ್ನು ಬಿಗಿದಿರುವ ಅಸ್ಥಿಬಂಧಗಳು, ರಕ್ತನಾಳಗಳು, ಪಾದವು ಎತ್ತ ವಾಲಿದೆಯೆಂಬ ವರ್ತಮಾನವನ್ನು ಮಿದುಳಿಗೆ ಮುಟ್ಟಿಸುವ ನರಗಳ ತುದಿಗಳು, ಇವೆಲ್ಲವೂ ಅಲ್ಲಿವೆ. ಗುಲ್ಫಾಸ್ಥಿಯ ಸ್ಥಿತಿ ವಿಚಿತ್ರವಾದುದು. ದೇಹಭಾರವನ್ನೆಲ್ಲ ಹೊರುವ ಈ ಎಲುಬಿಗೆ ಒಂದು ಮಾಂಸಖಂಡವೂ ಅಂಟಿಕೊಂಡಿಲ್ಲ. ಅರ್ಧಕ್ಕಿಂತ ಹೆಚ್ಚು ಮೈ ಮೃದ್ವಸ್ಥಿಯಿಂದ ಮುಚ್ಚಿದೆ. ರಕ್ತವು ಒಳಹೋಗಲು ಉಳಿದಿರುವ ಬಾಗಿಲುಗಳು ಕೆಲವೇ. ಅವುಗಳಲ್ಲಿ ಮುಖ್ಯವಾದವು ಈ ಸುರಂಗದ ದಾರಿಯಲ್ಲಿವೆ. ಆದುದರಿಂದಲೇ ಎತ್ತರದಿಂದ ಬಿದ್ದು ಗುಲ್ಫಾಸ್ಥಿಯ ಕುತ್ತಿಗೆ ಮುರಿದರೆ, ರಕ್ತ ದೊರೆಯದೆ ಎಲುಬು ಒಳಗೊಳಗೇ ಸಾಯುವ ಭಯವುಂಟು.

ಸಾಮಾನ್ಯರಿಗೆ ಒದಗುವುದು ಅದಕ್ಕಿಂತ ಸೌಮ್ಯವಾದ ಕೇಡು. ಪಾದವು ಒಳಮುಖವಾಗಿ ಮಗುಚಿದಾಗ ಇಲ್ಲಿಯ ಬಂಧಗಳು ಹರಿದು, ಉರಿಯೂತವು ಮೆಲ್ಲಗೆ ನೆಲೆಯೂರುತ್ತದೆ. 1958ರಲ್ಲಿ ಓಕಾನರ್ ಎಂಬ ವೈದ್ಯನು ಇದನ್ನು ಪ್ರತ್ಯೇಕ ರೋಗವೆಂದು ವರ್ಣಿಸಿದನು. ಆದರೆ ಸುಶ್ರುತನು ನಿದಾನಸ್ಥಾನದಲ್ಲಿ, ಪಾದವನ್ನು ವಿಷಮವಾಗಿ ಇಟ್ಟಾಗ ವಾತವು ಹರಡನ್ನು ಆಶ್ರಯಿಸಿ ಉಂಟುಮಾಡುವ ನೋವಿಗೆ ವಾತಕಂಟಕವೆಂದು ಹೆಸರಿಟ್ಟಿದ್ದಾನೆ. ಗುಲ್ಫಮರ್ಮಕ್ಕೆ ಪೆಟ್ಟು ಬಿದ್ದರೆ ನೋವು, ಕಾಲಿನ ಸೆಡೆತ, ಕುಂಟು ಎಂದೂ ಹೇಳಿದ್ದಾನೆ. ಆತನಿಗೆ ಈ ಗವಿಯೇ ತಿಳಿದಿತ್ತೆಂದು ಸಾಧಿಸಹೊರಡುವುದು ಪಾಂಡಿತ್ಯವಲ್ಲ; ರೋಗಿಯ ಬಾಯಿಂದ ಬಂದ ಮಾತನ್ನು ಆತನು ಲಕ್ಷ್ಯವಿಟ್ಟು ಕೇಳಿದ್ದನೆಂಬುದಂತೂ ಸ್ಪಷ್ಟ.

ಈಗಿನ ವೈದ್ಯರು ಆ ತಗ್ಗನ್ನು ಒತ್ತಿ ನೋಡುತ್ತಾರೆ. ಮರವು ತರಿಸುವ ಮದ್ದನ್ನು ಅಲ್ಲಿಗೆ ಚುಚ್ಚಿದೊಡನೆ ನೋವು ಅಡಗಿದರೆ ಸಂದೇಹವು ಬಹುಮಟ್ಟಿಗೆ ನಿವಾರಣೆಯಾಗುವುದು. ಎಂ.ಆರ್.ಐ. ಚಿತ್ರವೂ ನೆರವಾಗುತ್ತದೆ. ಉಪಚಾರವು ಬಹುತೇಕ ಸರಳ: ವಿಶ್ರಾಂತಿ, ಹಿಮ್ಮಡಿಯನ್ನು ಭದ್ರವಾಗಿ ಹಿಡಿಯುವ ಪಾದರಕ್ಷೆ, ಆಮೇಲೆ ಒಂಟಿಕಾಲಿನಲ್ಲಿ ನಿಂತು ತೂಕ ನಿಲ್ಲಿಸುವ ಅಭ್ಯಾಸ. ಉಳುಕು ತೆಗೆಯುತ್ತೇವೆಂದು ಹೊಸ ಪೆಟ್ಟಿನ ಮೇಲೆ ಬಲವಾಗಿ ನೀವುವುದನ್ನು ಮಾತ್ರ ನಮ್ಮ ಮನೆಗಳಲ್ಲಿ ಬಿಡಲೇಬೇಕು. ಬಿದ್ದೊಡನೆ ನಾಲ್ಕು ಹೆಜ್ಜೆಯನ್ನೂ ಇಡಲಾಗದವರನ್ನು ಅಂದೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಶಸ್ತ್ರಚಿಕಿತ್ಸೆ ಬೇಕಾಗುವುದು ಇವೆಲ್ಲವೂ ತಿಂಗಳುಗಟ್ಟಲೆ ನಡೆದು ಫಲಿಸದಿದ್ದಾಗ ಮಾತ್ರ.